ನಮ್ಮನೆ ಹಿಂದಿನ ಕಾಲುವೆ ಮತ್ತು ನನ್ನ ಆನ್‌ಲೈನ್ ಎಂ.ಎ.

ಎಂ.ಬಿ.ಎ. ಮಾಡ್ತೀನಿ ಅಂದಿದ್ದರೆ ನಮ್ಮ ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಎಂ.ಟೆಕ್. ಅಂದಿದ್ದರೂ ನಡೆಯುತ್ತಿತ್ತು. ಎಂ.ಎ. ಅಂದ ಕೂಡಲೇ ಅಮ್ಮ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ ಹಾಲ್‌ಗೆ ಬಂದರು. “ಇಂಜಿನಿಯರಿಂಗ್ ಮುಗಿಸಿ ಏಳು ವರ್ಷ ಕೆಲ್ಸ ಮಾಡಿ ಈಗ ಎಂ.ಎ.ನಾ? ಏನದು ಸಬ್ಜೆಕ್ಟು?” ನಗರ ನೀತಿ ಮತ್ತು ನಿರ್ವಹಣೆ ಅಂದೆ. ಅಪ್ಪ ಪೇಪರ್ ಮಡಚಿಟ್ಟು, “ಅಂದ್ರೆ ಕಾರ್ಪೊರೇಷನ್ ಕೆಲ್ಸನಾ?” ಎಂದು ಕೇಳಿದರು. ಹೌದು ಅನ್ನಲೂ ಆಗದೆ, ಅಲ್ಲ ಅನ್ನಲೂ ಆಗದೆ ಸುಮ್ಮನಾದೆ. ಕೋರ್ಸ್ ಮುಗಿದ ಮೇಲೆ ಈಗ ಕೇಳಿದರೂ ನನ್ನ ಪರಿಸ್ಥಿತಿ ಅದೇ.

ಈ ಓದಿಗೆ ಬೀಳಲು ಕಾರಣ 2022ರ ಸೆಪ್ಟೆಂಬರ್ ಮಳೆ. ನಮ್ಮ ಆಫೀಸು ಇರುವುದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಮನೆ ಇರುವುದು ಊರಿನ ಇನ್ನೊಂದು ತುದಿ, ಪಶ್ಚಿಮದ ಅಂಚಿನಲ್ಲಿ. ಆ ವಾರ ಬೆಳ್ಳಂದೂರು, ಮಹದೇವಪುರದ ಕಡೆ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೊಗಳು ದೇಶದ ತುಂಬಾ ಓಡಾಡಿದ್ದು ನಿಮಗೂ ನೆನಪಿರಬಹುದು. ನಮ್ಮ ಟೀಮಿನ ವಾಟ್ಸ್‌ಆ್ಯಪ್ ಗುಂಪಿಗೂ ಬಂದವು, ಎಲ್ಲರೂ ನಗುವ ಇಮೋಜಿ ಹಾಕಿದರು, ನಾನೂ ಹಾಕಿದೆ. ಅದೇ ವಾರ ನಮ್ಮ ಅಡ್ಡರಸ್ತೆಯ ಕೆಳತುದಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕನ ಒಂದೇ ರೂಮಿನ ಮನೆಗೂ ನೀರು ನುಗ್ಗಿತ್ತು. ಅದರ ಫೋಟೊ ಎಲ್ಲೂ ಬರಲಿಲ್ಲ. ಪ್ರತಿ ಮಳೆಗಾಲದಲ್ಲೂ ನುಗ್ಗುವ ನೀರನ್ನು ಯಾರು ಸುದ್ದಿ ಮಾಡುತ್ತಾರೆ? ಇದನ್ನು ಸರಿ ಮಾಡುವವರು ಯಾರು, ಯಾಕೆ ಮಾಡುತ್ತಿಲ್ಲ ಅನ್ನುವ ಪ್ರಶ್ನೆ ಹಿಡಿದುಕೊಂಡು ರಾತ್ರಿ ಇಂಟರ್ನೆಟ್ ಜಾಲಾಡುತ್ತಾ ಕೂತವಳು, 2023ರ ಜುಲೈ ಹೊತ್ತಿಗೆ ಒಂದು ವಿಶ್ವವಿದ್ಯಾಲಯದ ಎರಡು ವರ್ಷದ ಆನ್‌ಲೈನ್ ಸ್ನಾತಕೋತ್ತರ ಕೋರ್ಸಿಗೆ ಫೀಸ್ ಕಟ್ಟಿದ್ದೆ.

ಆನ್‌ಲೈನ್ ಅಂದರೆ ವಿಡಿಯೊವನ್ನು ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಂಡು, ಬಟ್ಟೆ ಮಡಚುತ್ತಾ ಕೇಳುವುದು ಅಂದುಕೊಂಡಿದ್ದೆ. ಮೊದಲ ತಿಂಗಳಲ್ಲೇ ಆ ಭ್ರಮೆ ಇಳಿಯಿತು. ವಾರಕ್ಕೆ ಎರಡು ರಾತ್ರಿ ಎಂಟು ಗಂಟೆಗೆ ನೇರ ತರಗತಿ, ಶನಿವಾರ ಬೆಳಿಗ್ಗೆ ಚರ್ಚೆ. ಕ್ಯಾಮೆರಾ ಆನ್ ಇರಲೇಬೇಕು, ಓದಿಕೊಂಡು ಬಂದಿರಲೇಬೇಕು. ಓದುವುದು ಅಂದರೆ ವಾರಕ್ಕೆ ಎಂಬತ್ತು ಪುಟ. ಏಳು ವರ್ಷ ಕೋಡ್ ಬಿಟ್ಟು ಬೇರೇನೂ ಓದದ ನನಗೆ, ಒಂದು ಪ್ಯಾರಾದಲ್ಲಿ ಮುಂದಿಟ್ಟ ವಾದವನ್ನು ಲೇಖಕರು ಮುಂದಿನ ಪ್ಯಾರಾದಲ್ಲಿ ತಾವೇ ಅನುಮಾನಿಸುವುದು ನೋಡಿ ತಲೆ ಕೆಟ್ಟಿತ್ತು. ಇವರು ಏನು ಹೇಳ್ತಿದ್ದಾರೆ, ಹೌದೋ ಅಲ್ಲವೋ? ಹಾಗೆ ಓದುವುದು ಅಭ್ಯಾಸವಾಗಲು ಒಂದು ಸೆಮಿಸ್ಟರ್ ಪೂರ್ತಿ ಹಿಡಿಯಿತು.

ಮೊದಲ ಅಸೈನ್‌ಮೆಂಟ್ ನೆನೆಸಿಕೊಂಡರೆ ಈಗಲೂ ನಾಚಿಕೆ. ನಿಮ್ಮ ಊರಿನ ಒಂದು ಸಮಸ್ಯೆಗೆ ಪರಿಹಾರ ಸೂಚಿಸಿ ಅಂದಿದ್ದರು. ನಮ್ಮ ಜಾತಿಯವರು, ಅಂದರೆ ಸಾಫ್ಟ್‌ವೇರ್‌ನವರು, ಏನು ಬರೆಯುತ್ತೇವೆ ಹೇಳಿ? ಆ್ಯಪ್! ಮನೆಗೆ ನೀರು ನುಗ್ಗಿದರೆ ಫೋಟೊ ತೆಗೆದು ಹಾಕಿ, ಜಾಗ ತಾನೇ ಗುರುತಾಗುತ್ತದೆ, ಎಲ್ಲಿ ಹೆಚ್ಚು ದೂರು ಬರುತ್ತದೋ ಅಲ್ಲಿಗೆ ಮೊದಲು ಇಂಜಿನಿಯರ್ ಹೋಗುತ್ತಾರೆ. ಬಣ್ಣ ಬಣ್ಣದ ನಕ್ಷೆ ಸಮೇತ ಹನ್ನೆರಡು ಪುಟ ಬರೆದೆ. ಮೇಡಂ ಸಾಧಾರಣ ಅಂಕ ಕೊಟ್ಟು, ಕೆಳಗೆ ಒಂದೇ ಒಂದು ಸಾಲು ಬರೆದಿದ್ದರು: ದೂರು ಕೊಡದವರು ಈ ನಕ್ಷೆಯಲ್ಲಿ ಎಲ್ಲಿ ಕಾಣಿಸುತ್ತಾರೆ? ಫೋನ್ ಇಲ್ಲದವರ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆ. ಈಗ ಎಲ್ಲರ ಹತ್ರನೂ ಫೋನ್ ಇದೆಯಲ್ಲ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಆ ಸಾಲಿನ ಅರ್ಥ ತಿಳಿಯಲು ಇನ್ನೂ ಒಂದೂವರೆ ವರ್ಷ ಬೇಕಾಯಿತು.

ನಡುವೆ ಒಂದು ವಿಷಯ ಹೇಳಿಬಿಡುತ್ತೇನೆ, ತುಂಬಾ ಜನ ಕೇಳುತ್ತಾರೆ. ಇದು ನಗರ ಯೋಜನೆಯ ಕೋರ್ಸ್ ಅಲ್ಲ. ಬಡಾವಣೆ ನಕ್ಷೆ ಬರೆಯುವ ಪ್ಲಾನರ್ ಆಗಬೇಕಿದ್ದರೆ ಎಂ.ಪ್ಲಾನ್. ಓದಬೇಕು, ಅದಕ್ಕೆ ಕ್ಯಾಂಪಸ್ಸಿಗೇ ಹೋಗಬೇಕು. ನಗರ ನೀತಿ ಅಂದರೆ ದುಡ್ಡು ಎಲ್ಲಿಂದ ಬರುತ್ತದೆ, ಅಧಿಕಾರ ಯಾರ ಕೈಯಲ್ಲಿದೆ, ಕಾನೂನು ಏನು ಹೇಳುತ್ತದೆ, ಸೇವೆ ಯಾರಿಗೆ ತಲುಪುತ್ತದೆ ಎಂಬ ಲೆಕ್ಕ. ಯುಜಿಸಿಯ 2020ರ ನಿಯಮಾವಳಿಯಂತೆ ಅನುಮತಿ ಪಡೆದ ಸಂಸ್ಥೆಯ ಆನ್‌ಲೈನ್ ಸ್ನಾತಕೋತ್ತರ ಪದವಿ, ಕ್ಯಾಂಪಸ್ಸಿನಲ್ಲಿ ಓದಿದ ಪದವಿಗೆ ಸಮ. ಆದರೆ ನೀವು ಸೇರುವ ಸಂಸ್ಥೆಯ ಆ ನಿರ್ದಿಷ್ಟ ಕೋರ್ಸಿಗೆ, ಆ ವರ್ಷಕ್ಕೆ ಅನುಮತಿ ಇದೆಯೇ ಎಂದು ಯುಜಿಸಿ ಜಾಲತಾಣದಲ್ಲಿ ನೋಡಿಕೊಂಡೇ ದುಡ್ಡು ಕಟ್ಟಿ. ಕಮ್ಮಿ ಖರ್ಚಿನಲ್ಲಿ ರುಚಿ ನೋಡಬೇಕಿದ್ದರೆ ಇಗ್ನೋದಲ್ಲಿ ನಗರ ಯೋಜನೆ ಮತ್ತು ಅಭಿವೃದ್ಧಿಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಸಂಬಳ ಜಾಸ್ತಿ ಆಗುತ್ತಾ ಎಂದು ಕೇಳಬೇಡಿ. ನನಗಂತೂ ಆಗಿಲ್ಲ.

ಓದಿನ ಮಜಾ ಶುರುವಾದದ್ದು ಫುಟ್‌ಪಾತಿನಿಂದ. ಮನೆಯಿಂದ ಬಸ್ ಸ್ಟಾಪ್‌ವರೆಗಿನ ಫುಟ್‌ಪಾತಿನಲ್ಲಿ ಕಾಣುವ ಪ್ರತಿಯೊಂದು ವಸ್ತುವೂ ಯಾರಿಗೆ ಸೇರಿದ್ದು ಅಂತ ಪಟ್ಟಿ ಮಾಡಿ ಎಂದರು. ಸುಲಭ ಅಂದುಕೊಂಡು ಹೊರಟೆ. ಕಲ್ಲು ಚಪ್ಪಡಿ ಪಾಲಿಕೆಯದು. ಚಪ್ಪಡಿ ನಡುವಿನ ಮ್ಯಾನ್‌ಹೋಲ್ 1964ರಲ್ಲಿ ಹುಟ್ಟಿದ ಜಲಮಂಡಳಿಯದು. ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು. ಮರ ಪಾಲಿಕೆಯದೇ ಆದರೂ ಅದರ ಅರಣ್ಯ ವಿಭಾಗದ್ದು, ಇಂಜಿನಿಯರ್ ಮುಟ್ಟುವಂತಿಲ್ಲ. ಸಿಗ್ನಲ್ ಕಂಬ ಸಂಚಾರ ಪೊಲೀಸರದು. ನೇತಾಡುವ ಕೇಬಲ್ ಯಾರದೋ ದೇವರೇ ಬಲ್ಲ. ಇಡೀ ಬಡಾವಣೆ ಹೇಗಿರಬೇಕೆಂದು ನಿರ್ಧರಿಸುವ ಮಹಾ ಯೋಜನೆ ಆಗ ಬಿಡಿಎ ಕೈಯಲ್ಲಿತ್ತು, ಅದು 1976ರ ಕಾಯ್ದೆಯ ಕೂಸು. ಮುನ್ನೂರು ಮೀಟರಿಗೆ ಇಷ್ಟು ಯಜಮಾನರು! ನಮ್ಮ ಆಫೀಸಿನಲ್ಲಿ ಒಂದು ಪುಟ್ಟ ಸರ್ವಿಸ್‌ಗೆ ಇಬ್ಬರು ಓನರ್ ಇದ್ದರೇ ಜಗಳ ಶುರುವಾಗುತ್ತದೆ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಜೊತೆ ಸೇರಿದ 12ನೇ ಅನುಸೂಚಿಯಲ್ಲಿ, ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಮೊದಲನೆಯದೇ ನಗರ ಯೋಜನೆ. ನೀರು ಸರಬರಾಜೂ ಇದೆ. ಬೆಂಗಳೂರಿನಲ್ಲಿ ಈ ಎರಡೂ ರಾಜ್ಯ ಸರ್ಕಾರದ ಸಂಸ್ಥೆಗಳ ಕೈಯಲ್ಲಿವೆ. ಇನ್ನು ಚುನಾಯಿತ ಸದಸ್ಯರ ಕಥೆ: ಬಿಬಿಎಂಪಿಯ ಕೊನೆಯ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ನಾನು ಕೋರ್ಸಿಗೆ ಸೇರಿ, ಓದಿ, ಪ್ರಬಂಧ ಸಲ್ಲಿಸುವವರೆಗೂ ಈ ಊರಿನಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಈ ಪಾಠ ಓದಿದ ದಿನ ಅಪ್ಪನ ಕಂದಾಯ ರಸೀದಿಗಳ ಫೈಲ್ ತೆಗೆಸಿ ನೋಡಿದೆ. ಮೊದಲು ಗ್ರಾಮ ಪಂಚಾಯ್ತಿ, ಆಮೇಲೆ ನಗರಸಭೆ, 2007ರ ನಂತರ ಬಿಬಿಎಂಪಿ. ಮನೆ ಒಂದಿಂಚೂ ಅಲ್ಲಾಡಿಲ್ಲ. “ಬೋರ್ಡ್ ಬದಲಾಗ್ತಾ ಇರುತ್ತೆ, ಲೈನ್‌ನಲ್ಲಿ ನಿಲ್ಲೋದು ಅದೇ” ಅಂದರು ಅಪ್ಪ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೂ ಹೋಗಿ ಐದು ಪಾಲಿಕೆಗಳು ಬಂದವು. ಅಪ್ಪ ಆ ಫೈಲ್‌ಗೆ ಇನ್ನೊಂದು ವಿಭಾಗ ಮಾಡಿಕೊಂಡರು. ಜೂನ್‌ನಲ್ಲಿ ಸಲ್ಲಿಸಿದ್ದ ನನ್ನ ಪ್ರಬಂಧದ ತುಂಬಾ ಬಿಬಿಎಂಪಿ, ಬಿಬಿಎಂಪಿ ಅಂತಲೇ ಇತ್ತು.

ಸಹಪಾಠಿಗಳು ಹೇಳಿಕೊಟ್ಟದ್ದು ಮೇಷ್ಟ್ರುಗಳು ಹೇಳಿಕೊಟ್ಟದ್ದಕ್ಕಿಂತ ಕಮ್ಮಿಯಲ್ಲ. ಹುಬ್ಬಳ್ಳಿಯವರೊಬ್ಬರಿದ್ದರು, ನಲವತ್ತೈದು ದಾಟಿದ್ದ ಸರ್ಕಾರಿ ನೌಕರರು. ನೀರಿನ ಪಾಠದ ದಿನ ನಾನು ಕಾವೇರಿ ಬಗ್ಗೆ ಜೋರಾಗಿ ಹೇಳಿದೆ: 1974ರಿಂದ ಈ ಊರಿಗೆ ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ನೀರನ್ನು ಪಂಪ್ ಮಾಡಿ ತರುತ್ತೇವೆ, ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ಹಾಗೆ ಹೀಗೆ ಅಂತ. ಅವರು ಸಮಾಧಾನವಾಗಿ, “ಮೇಡಂ, ನಮ್ಮಲ್ಲಿ 2008ರಾಗ ಕೆಲವು ವಾರ್ಡಿಗೆ ದಿನದ ಇಪ್ಪತ್ನಾಕು ತಾಸು ನೀರು ಬಂತು. ಬಾಜೂ ಓಣ್ಯಾಗ ವಾರಕ್ಕೊಮ್ಮೆ. ಎರಡೂ ಕಡೆ ಅದೇ ಮಲಪ್ರಭೆ ನೀರು. ಅದರ ಬಗ್ಗೆ ಏನಂತೀರಿ?” ಅಂದರು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆ ಪ್ರಯೋಗದ ಬಗ್ಗೆ ಪ್ರಪಂಚದ ಎಲ್ಲೆಲ್ಲಿಂದಲೋ ಬಂದು ಅಧ್ಯಯನ ಮಾಡಿದ್ದಾರೆ. ನಾನು ಬೆಂಗಳೂರಿನವಳು, ಹೆಸರೂ ಕೇಳಿರಲಿಲ್ಲ. ಸೂರತ್ತಿನ ಹುಡುಗಿಯೊಬ್ಬಳು 1994ರ ಪ್ಲೇಗ್ ಬಗ್ಗೆ, ಮರುವರ್ಷ ಬಂದ ಆಯುಕ್ತ ಎಸ್.ಆರ್. ರಾವ್ ಊರನ್ನು ಹೇಗೆ ಗುಡಿಸಿ ನಿಲ್ಲಿಸಿದರು ಎನ್ನುವ ಬಗ್ಗೆ ಅಜ್ಜಿ ಹೇಳಿದ ಕಥೆಗಳನ್ನು ಹೇಳುತ್ತಿದ್ದಳು. ಒಬ್ಬ ಒಳ್ಳೆ ಅಧಿಕಾರಿ ಬಂದರೆ ಸಾಕಾ, ಅವರು ವರ್ಗವಾಗಿ ಹೋದ ಮೇಲೆ ಏನು ಉಳಿಯಬೇಕು ಎಂದು ರಾತ್ರಿ ಹನ್ನೊಂದರವರೆಗೆ ಜಗಳವಾಡಿದ್ದೇವೆ.

ಇಷ್ಟೆಲ್ಲಾ ಆದರೂ ನಗರ ಅನ್ನುವುದು ನನಗೆ ಸ್ಕ್ರೀನ್ ಮೇಲಿನ ವಿಷಯವೇ ಆಗಿತ್ತು. ಅದು ಮನೆಯೊಳಗೆ ಬಂದದ್ದು ಮೂರನೇ ಸೆಮಿಸ್ಟರಿನ ನೀರಿನ ಪತ್ರಿಕೆಯಿಂದ. ನಿಮ್ಮ ತಾರಸಿ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ, ಎರಡು ಕಿಲೋಮೀಟರ್ ಹಿಂಬಾಲಿಸಿ ನಕ್ಷೆ ಬರೆಯಿರಿ ಎಂಬ ಪ್ರಾಜೆಕ್ಟ್ ಅದು. ಒಂದು ಭಾನುವಾರ ಬೆಳಿಗ್ಗೆ ಅಪ್ಪನನ್ನು ಎಬ್ಬಿಸಿಕೊಂಡು ಹೊರಟೆ. ಅಪ್ಪ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಮೂವತ್ತು ವರ್ಷ ದುಡಿದವರು, ಈ ಕಡೆಯ ಒಂದೊಂದು ತಿರುವೂ ಅವರಿಗೆ ಗೊತ್ತು. ತಾರಸಿಯ ಪೈಪ್ ರಸ್ತೆ ಚರಂಡಿಗೆ, ಚರಂಡಿ ಹಾಲಿನ ಬೂತ್ ಪಕ್ಕದಿಂದ ನಮ್ಮ ಸಾಲಿನ ಮನೆಗಳ ಹಿಂದಕ್ಕೆ. ಅಲ್ಲಿ ಅದು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ತೊಂಬತ್ತು ಡಿಗ್ರಿ ತಿರುಗಿ, ಒಂದು ಶೆಡ್ ಕೆಳಗೆ ಮಾಯವಾಗಿ, ಬ್ಲೌಸ್ ಹೊಲಿಯುವ ಅಕ್ಕನ ಮನೆ ಪಕ್ಕ ಮೇಲೆದ್ದು, ಮುಂದೆ ದೊಡ್ಡ ರಾಜಕಾಲುವೆಗೆ ಸೇರುತ್ತದೆ. ರಾಜಕಾಲುವೆ ವೃಷಭಾವತಿಗೆ, ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಅಷ್ಟು ಖರ್ಚು ಮಾಡಿ ಮೇಲೆತ್ತಿ ತಂದ ನೀರು, ಕಪ್ಪಾಗಿ ಮತ್ತೆ ಕಾವೇರಿಗೇ!

ನೀರು ಹಾಗೆ ತೊಂಬತ್ತು ಡಿಗ್ರಿ ತಿರುಗುವುದಿಲ್ಲ. ಬೆಂಗಳೂರಿನ ಕೆರೆಗಳನ್ನೂ ಕಾಲುವೆಗಳನ್ನೂ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ದಿಬ್ಬದ ಮೇಲೆ ಕೂತ ಊರು ಇದು, ಹತ್ತಿರದಲ್ಲಿ ದೊಡ್ಡ ನದಿ ಇಲ್ಲ, ಆದ್ದರಿಂದ ಮೇಲಿನ ಕೆರೆ ಕೋಡಿ ಬಿದ್ದರೆ ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆ ತುಂಬಬೇಕು. ನಮ್ಮ ತಿರುವು ಹೇಗೆ ಬಂತು ಎಂದು ನೋಡಲು ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯನ್ನು ಡೌನ್‌ಲೋಡ್ ಮಾಡಿದೆ. ಕ್ಯೂಜಿಐಎಸ್ ಅಂತ ಉಚಿತ ತಂತ್ರಾಂಶವಿದೆ, ಅದರಲ್ಲಿ ಹಳೆ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬಹುದು. ಹಳ್ಳಿಯ ಗಡಿಕಲ್ಲು, ಹಳೆ ಬಾವಿ, ರಸ್ತೆ ಕೂಡುವ ಜಾಗ, ಹೀಗೆ ಎರಡರಲ್ಲೂ ಇರುವ ಗುರುತುಗಳನ್ನು ಜೋಡಿಸುತ್ತಾ ಹೋಗಬೇಕು. ಇದು ನನ್ನ ಅಖಾಡ, ಖುಷಿಯಿಂದ ಕೂತೆ. ರಾತ್ರಿ ಒಂದು ಗಂಟೆಗೆ ನಕ್ಷೆ ಕೂತಿತು. ಹಳೆಯ ಕಾಲುವೆ ಗೆರೆ ತಿರುಗಿರಲಿಲ್ಲ. ನೇರವಾಗಿ ನಾಲ್ಕು ಮನೆಗಳ ಹಿತ್ತಲಿನ ಮೇಲೆ ಹಾದುಹೋಗಿತ್ತು. ಮೂರನೆಯದು ನಮ್ಮದು.

ಇಂಥ ಜೋಡಣೆಯಲ್ಲಿ ಮೂರು ನಾಲ್ಕು ಮೀಟರ್ ಆಚೀಚೆ ಆಗುವುದು ಮಾಮೂಲು. ಗುರುತುಗಳನ್ನು ಬದಲಿಸಿ ಮತ್ತೆ ಕೂರಿಸಿದೆ. ಇನ್ನೊಂದು ಸಲ ಬದಲಿಸಿದೆ. ನಿಜ ಹೇಳಬೇಕೆಂದರೆ ನಕ್ಷೆ ಇನ್ನೂ ನಿಖರವಾಗಲಿ ಅಂತ ಹಾಗೆ ಮಾಡಲಿಲ್ಲ. ಗೆರೆ ನಮ್ಮ ಮನೆ ಬಿಟ್ಟು ಪಕ್ಕಕ್ಕೆ ಹೋಗಲಿ ಅಂತ ಮಾಡಿದೆ. ಹೋಗಲಿಲ್ಲ. ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದುಕೊಂಡು ಬೆಳಿಗ್ಗೆ ಹಿತ್ತಲಿನಲ್ಲಿ ಅತ್ತಿಂದಿತ್ತ ಓಡಾಡಿದೆ. ಅದೂ ಅಂಥದ್ದೇ ಮಾತು ಹೇಳಿತು.

ಅಪ್ಪ ಕಾಫಿ ಲೋಟ ಹಿಡಿದು ಬಂದು ನಿಂತರು. ಲ್ಯಾಪ್‌ಟಾಪ್ ತೋರಿಸಿದೆ. ಆಶ್ಚರ್ಯವೇ ಇಲ್ಲ ಅವರಿಗೆ. “ಬಟ್ಟೆ ಒಗೆಯೋ ಕಲ್ಲಿನ ಕೆಳಗೆ ಬೇಸಿಗೆಲೂ ತೇವ ಇರುತ್ತಲ್ಲ, ನೋಡಿಲ್ವಾ?” ಅಂದರು. 1994ರಲ್ಲಿ, ನಾನು ಹುಟ್ಟಿದ ವರ್ಷ, ಸೈಟ್ ನೋಡಲು ಬಂದಾಗ ಅಲ್ಲೊಂದು ಸಣ್ಣ ಹಳ್ಳ ಇತ್ತಂತೆ. ಲೇಔಟ್ ಮಾಡಿದವನು, ಅದನ್ನ ಆ ಕಡೆ ತಿರುಗಿಸ್ತೀವಿ ಸಾರ್ ಅಂದನಂತೆ. ತಿರುಗಿಸಿದ. ಬಿಡಿಎ ಸೈಟಿಗೆ ಅಪ್ಪ ಮೂರು ಸಲ ಅರ್ಜಿ ಹಾಕಿದ್ದರು, ಸಿಗಲಿಲ್ಲ. ಮೆಷಿನ್ ಶಾಪಿನ ಸಂಬಳದಲ್ಲಿ ಸಿಕ್ಕಿದ್ದು ಈ ಮೂವತ್ತು-ನಲವತ್ತರ ರೆವಿನ್ಯೂ ಸೈಟು. ಇಂದಿಗೂ ಬಿ ಖಾತೆ. “ತಪ್ಪು ಅಂತ ಗೊತ್ತಿತ್ತಾ?” ಅಂತ ಕೇಳಿದೆ. “ಹಳ್ಳ ಅಂತ ಗೊತ್ತಿತ್ತು” ಅಂದರು. ಅದೇ ಸೆಮಿಸ್ಟರಿನಲ್ಲಿ ಸಾಲಮನ್ ಬೆಂಜಮಿನ್ ಅವರ ಬರಹ ಓದಿದ್ದೆ. ಇಂಥ ಬಡಾವಣೆಗಳನ್ನು ಅಕ್ರಮ ಅಂತ ಒಂದು ಪದದಲ್ಲಿ ಮುಗಿಸಬೇಡಿ, ಕೈಯಲ್ಲಿ ಕಾಸಿಲ್ಲದವರು ಊರಿನೊಳಗೆ ಕಾಲೂರಿದ ದಾರಿ ಅದು ಎಂಬ ಅರ್ಥದ ವಾದ. ಓದಿದಾಗ ತಲೆಯಾಡಿಸಿದ್ದೆ. ನಮ್ಮಪ್ಪನ ಬಗ್ಗೆ ಓದುತ್ತಿದ್ದೇನೆ ಎಂದು ಹೊಳೆದಿರಲಿಲ್ಲ.

ಕಾನೂನು ಏನು ಹೇಳುತ್ತದೆ? 2015ರ ಮಹಾ ಯೋಜನೆಯಲ್ಲಿ ರಾಜಕಾಲುವೆಯ ಮಧ್ಯದಿಂದ ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಹೆಚ್ಚಿಸಿತು, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಹೆಚ್ಚಳವನ್ನು ರದ್ದು ಮಾಡಿತು. ನಮ್ಮದು ತೀರಾ ಸಣ್ಣ, ತೃತೀಯ ದರ್ಜೆಯ ಕಾಲುವೆ ಅಂತಲೇ ಇಟ್ಟುಕೊಳ್ಳಿ. ಹದಿನೈದು ಮೀಟರ್. ನಮ್ಮ ಸೈಟಿನ ಉದ್ದವೇ ಹನ್ನೆರಡು ಮೀಟರ್! ಮನೆ ಕಟ್ಟಿದ್ದು 2001ರಲ್ಲಿ, ಆ ಮಹಾ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ ಎನ್ನುವುದು ಒಂದು ಸಮಾಧಾನ. ಕಾಲುವೆ ಮಾತ್ರ ಎರಡಕ್ಕಿಂತಲೂ ಹಳೆಯದು.

ಪ್ರಬಂಧಕ್ಕೆ ಇದೇ ವಿಷಯ ತೆಗೆದುಕೊಂಡೆ. ತಿರುಗಿಸಿದ ಕಾಲುವೆಯ ನೀರನ್ನು ಒಂದು ಅಡ್ಡರಸ್ತೆಯ ಜನ ಹೇಗೆ ನಿಭಾಯಿಸುತ್ತಾರೆ ಎನ್ನುವುದು. ಮನೆ ಮನೆಗೆ ಹೋಗಿ ಹೊಸಿಲಿನ ಎತ್ತರ ಅಳೆದೆ. ಯಾವ ವರ್ಷ, ಯಾಕೆ ಎತ್ತರಿಸಿದಿರಿ ಎಂದು ಕೇಳಿದೆ. ನಾವು ಕಟ್ಟುವಾಗ ಪಾಯ ಎರಡು ಅಡಿ ಇತ್ತು. ರಸ್ತೆಗೆ ಟಾರ್ ಮೇಲೆ ಟಾರ್ ಬಿದ್ದು ಅದು ಒಂದು ಅಡಿಗೆ ಇಳಿಯಿತು, ಅಪ್ಪ ಬಾಗಿಲಿಗೆ ಅರ್ಧ ಅಡಿ ಸಿಮೆಂಟ್ ಕಟ್ಟೆ ಹಾಕಿಸಿದರು. ಎದುರು ಮನೆಯವರು ನಮ್ಮ ಕಟ್ಟೆ ನೋಡಿ ಒಂದು ಅಡಿ ಹಾಕಿಸಿದರು. ಅವರದು ನೋಡಿ ಪಕ್ಕದವರು. ಒಬ್ಬೊಬ್ಬರೂ ಕಟ್ಟೆ ಹಾಕಿದ ಹಾಗೆ ನೀರು ಮುಂದಿನ ಮನೆಗೆ ಹೋಗುತ್ತಾ, ಎಲ್ಲರದ್ದೂ ಸೇರಿ ಕೊನೆಗೆ ಹೋಗುವುದು ಕಟ್ಟೆ ಹಾಕಿಸುವ ಹಕ್ಕಿಲ್ಲದ ಬಾಡಿಗೆ ಮನೆಗೆ. ಬ್ಲೌಸ್ ಹೊಲಿಯುವ ಅಕ್ಕ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮೆಷಿನ್ನಿನ ಮೋಟರನ್ನು ಇಟ್ಟಿಗೆ ಮೇಲಿಡುತ್ತಾರೆ. ಗಿರಾಕಿಗಳ ಬಟ್ಟೆ ಅಟ್ಟದ ಮೇಲೆ. “ಕಂಪ್ಲೇಂಟ್ ಕೊಟ್ಟಿಲ್ವಾ ಅಕ್ಕ?” ಅಂದೆ. ಅವರು ನನ್ನನ್ನೇ ನೋಡಿದರು. “ಕೊಟ್ರೆ ಅಳೆಯೋಕೆ ಬರ್ತಾರೆ. ಬಂದ್ರೆ ಕಾಲುವೆ ಮೇಲೆ ಮನೆ ಇದೆ ಅಂತಾರೆ. ಓನರ್ರು ನನ್ನನ್ನ ಇಟ್ಕೋತಾರಾ? ಎರಡೂವರೆ ಸಾವಿರಕ್ಕೆ ಇನ್ನೆಲ್ಲಿ ಮನೆ ಸಿಗುತ್ತೆ ನಂಗೆ?”

ಆ ಓಣಿಯ ಕೆಳತುದಿಯಿಂದ ಒಂದೇ ಒಂದು ದೂರು ಹೋಗಿರಲಿಲ್ಲ. ನನ್ನ ಬಣ್ಣ ಬಣ್ಣದ ಆ್ಯಪ್ ನಕ್ಷೆಯಲ್ಲಿ ಅದು ಅಚ್ಚ ಹಸಿರಾಗಿ ಕಾಣುತ್ತಿತ್ತು. ಮೇಡಂ ಬರೆದ ಸಾಲನ್ನು ಅವತ್ತು ಮತ್ತೆ ತೆಗೆದು ಓದಿದೆ.

ಸಂಶೋಧನೆಗೆ ಒಂದು ನಿಯಮವಿದೆ. ಯಾರ ಮನೆಯ ವಿವರ ಬಳಸುತ್ತೀರೋ ಅವರ ಲಿಖಿತ ಒಪ್ಪಿಗೆ ಬೇಕು, ಅವರ ಭಾಷೆಯಲ್ಲೇ. ನಾನೇ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಬರೆದೆ. ಹೆಸರು, ಸರ್ವೆ ನಂಬರ್, ಬಡಾವಣೆಯ ಹೆಸರು ಹಾಕುವುದಿಲ್ಲ, ನಕ್ಷೆಯಲ್ಲಿ ಬರೀ ಅ, ಆ, ಇ, ಈ ಎಂದು ಗುರುತಿಸುತ್ತೇನೆ ಅಂತ. ಕಾಲುವೆ ಗೆರೆ ಮೇಲಿನ ನಾಲ್ಕು ಮನೆಗಳಲ್ಲಿ ಮೂರು ಮನೆಯವರು, ಒಬ್ಬರು ಗೊಣಗಿ, ಇಬ್ಬರು ಕಾಫಿ ಕೊಟ್ಟು, ಸಹಿ ಹಾಕಿದರು. ನಾಲ್ಕನೆಯದು ನಮ್ಮದೇ. ಅಪ್ಪ ಪೂರ್ತಿ ಓದಿ, ಎರಡು ಕಡೆ ಒತ್ತಕ್ಷರ ತಿದ್ದಿ, ಪೆನ್ನು ತೆಗೆದುಕೊಂಡು, “ನಾನ್ಯಾಕೆ ಹಾಕ್ಲಿ? ಮನೆ ಇರೋದು ನಿಮ್ಮಮ್ಮನ ಹೆಸರಲ್ಲಿ” ಅಂದರು. ನನಗೆ ಗೊತ್ತೇ ಇರಲಿಲ್ಲ!

ಅಮ್ಮ ಹಾಕಲಿಲ್ಲ. “ನಿನ್ನ ಎಂ.ಎ.ಗೆ ನಮ್ಮನೆನೇ ಬೇಕಿತ್ತಾ?” ಎಂದು ಕೇಳಿದರು. 2016ರ ಆಗಸ್ಟ್‌ನಲ್ಲಿ ರಾಜಕಾಲುವೆ ತೆರವಿಗೆ ಜೆಸಿಬಿಗಳು ಮನೆ ಒಡೆದದ್ದನ್ನು ಅಮ್ಮ ಟಿವಿಯಲ್ಲಿ ದಿನವಿಡೀ ನೋಡಿದ್ದರು. ಪಾತ್ರೆ ಸಾಮಾನು ರಸ್ತೆ ಮೇಲಿಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸಿನ ಮುಖ ಇನ್ನೂ ಮರೆತಿಲ್ಲವಂತೆ. ಇದು ಬರೀ ಪರೀಕ್ಷೆಗೆ, ಯಾರೂ ಓದಲ್ಲ ಎಂದು ಸಮಾಧಾನ ಹೇಳಿದೆ. “ಯಾರೂ ಓದದೇ ಇರೋದಕ್ಕೆ ಎರಡು ವರ್ಷ ನಿದ್ದೆಗೆಟ್ಯಾ?” ಅಂದರು. ಉತ್ತರ ಇರಲಿಲ್ಲ ನನ್ನ ಹತ್ತಿರ. ಗೈಡ್‌ಗೆ ಫೋನ್ ಮಾಡಿದೆ. ಒಪ್ಪಿಗೆ ಇಲ್ಲದಿದ್ದರೆ ಬಿಡಲೇಬೇಕು, ಮಗಳಾದರೂ ಅಷ್ಟೇ ಎಂದರು. ನಕ್ಷೆಯಲ್ಲಿ ಕಾಲುವೆ ಗೆರೆಯನ್ನು ಎರಡನೇ ಮನೆಗೆ ನಿಲ್ಲಿಸಿ, ನಾಲ್ಕನೇ ಮನೆಯಿಂದ ಮತ್ತೆ ಶುರು ಮಾಡಿದೆ.

ಅಷ್ಟರಲ್ಲಿ 2025ರ ಮೇ ತಿಂಗಳ ಮಳೆ ಬಂತು. 18ನೇ ತಾರೀಕಿನ ರಾತ್ರಿ ಸುರಿದದ್ದು ಬೆಂಗಳೂರಿನವರಿಗೆ ನೆನಪಿರುತ್ತದೆ. ರಾತ್ರಿ ಎರಡು ಗಂಟೆ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಬ್ಲೌಸ್ ಹೊಲಿಯುವ ಅಕ್ಕ, ಎರಡು ಮಕ್ಕಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೋಟರ್. ಅಮ್ಮನೇ ಒಳಗೆ ಕರೆದು ಚಾಪೆ ಹಾಸಿ, ಮಕ್ಕಳಿಗೆ ನನ್ನ ಹಳೆ ಟೀ ಶರ್ಟ್ ಕೊಟ್ಟರು. ಬೆಳಿಗ್ಗೆ ಅವರು ಮನೆ ತೊಳೆಯಲು ಹೋದ ಮೇಲೆ ಅಮ್ಮ ಹಿತ್ತಲಿನ ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ದರು. “ಆ ನೀರು ಮೊದಲಿನ ಹಾಗೆ ಇಲ್ಲಿಂದಾನೇ ಹೋಗಿದ್ರೆ ಅವಳ ಮನೆಗೆ ನುಗ್ತಿರ್ಲಿಲ್ವಾ?” ಎಂದು ಕೇಳಿದರು. ಪೂರ್ತಿ ನಿಲ್ಲುತ್ತಿತ್ತು ಅಂತ ಹೇಳಲಾರೆ, ಕಮ್ಮಿಯಂತೂ ಆಗುತ್ತಿತ್ತು ಅಂದೆ. ಅಮ್ಮ ಏನೂ ಹೇಳಲಿಲ್ಲ. ಒಪ್ಪಿಗೆ ಪತ್ರ ಫ್ರಿಡ್ಜ್ ಮೇಲೆಯೇ ಇತ್ತು. ನಾನೂ ಕೇಳಲಿಲ್ಲ. ಜೂನ್‌ನಲ್ಲಿ ಪ್ರಬಂಧ ಹಾಗೆಯೇ ಹೋಯಿತು.

ಸೆಪ್ಟೆಂಬರ್‌ನಲ್ಲಿ ಮೌಖಿಕ ಪರೀಕ್ಷೆ. ಲ್ಯಾಪ್‌ಟಾಪ್ ಮುಂದೆ ಸೀರೆ ಉಟ್ಟು ಕೂತಿದ್ದೆ, ಕೆಳಗೆ ಮನೆಯ ಚಪ್ಪಲಿ. ಹೊರಗಿನ ಪರೀಕ್ಷಕರು ಹಿರಿಯರು, ಸಣ್ಣ ಧ್ವನಿ. ಬಿಬಿಎಂಪಿ ಎನ್ನುವುದು ಈಗ ಇಲ್ಲವಲ್ಲ ಎಂದು ಮೊದಲು ನಗಿಸಿದರು. ಹೊಸಿಲಿನ ಎತ್ತರದ ಪಟ್ಟಿ ಇಷ್ಟವಾಯಿತು ಅಂದರು. ದೂರುಗಳ ಲೆಕ್ಕ ನೋಡಿ ಹೂಳೆತ್ತುವ ಜಾಗ ಆರಿಸಿದರೆ ಇಂಥ ಓಣಿ ಯಾವತ್ತೂ ಬರುವುದಿಲ್ಲ, ಹೊಸಿಲು ನೋಡಿ ಆರಿಸಬೇಕು ಎನ್ನುವ ನನ್ನ ಸಲಹೆಯ ಬಗ್ಗೆ, ಅಳೆಯುವ ಖರ್ಚು ಎಷ್ಟು, ಯಾರು ಅಳೆಯುತ್ತಾರೆ, ಅಳೆಯಲು ಬಂದವರನ್ನು ಕಂಡು ಜನ ಹೆದರುವುದಿಲ್ಲವೇ ಎಂದು ಇಪ್ಪತ್ತು ನಿಮಿಷ ಹಿಂಡಿದರು. ಮೂರನೆಯದಕ್ಕೆ ನನ್ನ ಉತ್ತರ ಚೆನ್ನಾಗಿರಲಿಲ್ಲ. ಆಮೇಲೆ ನಕ್ಷೆ ತೆರೆದು, “ಇಲ್ಲಿ ಗೆರೆ ಯಾಕೆ ತುಂಡಾಗಿದೆ?” ಎಂದರು. ಒಪ್ಪಿಗೆ ಸಿಗಲಿಲ್ಲ ಸರ್ ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ಅದು ನಮ್ಮ ಮನೆ” ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸ್ಕ್ರೀನ್ ಸ್ತಬ್ಧವಾಯಿತು. ನೆಟ್ ಹೋಯಿತೇನೋ ಅಂದುಕೊಂಡೆ. “ಹಾಗಿದ್ದರೆ ಇದನ್ನು ಪ್ರಬಂಧದ ಮಿತಿಗಳಲ್ಲಿ ಬರೆದಿಲ್ಲ ಯಾಕೆ?” ಅಂದರು. ಅಂಕ ಅಲ್ಲೇ ಹೋಯಿತು, ಸರಿಯಾಗಿಯೇ ಹೋಯಿತು. ಪಾಸಾದೆ.

ಕೆಲಸ ಬಿಟ್ಟಿಲ್ಲ. ಹುಬ್ಬಳ್ಳಿಯ ಸಹಪಾಠಿ ಅವರ ಕಡೆಯ ಚರಂಡಿ ನಕ್ಷೆಗಳನ್ನು ಕಳಿಸುತ್ತಾರೆ, ಶನಿವಾರ ಕೂತು ಜೋಡಿಸಿ ಕೊಡುತ್ತೇನೆ. ನಮ್ಮ ಸಾಲಿನ ಶೆಡ್ ಕೆಳಗಿನ ಹೂಳು ತೆಗೆಸಲು ಅಪ್ಪ ಮತ್ತು ಎದುರು ಮನೆಯವರು ಎರಡು ಸಲ ಸಂಬಂಧಪಟ್ಟವರ ಹತ್ತಿರ ಹೋಗಿ ಬಂದಿದ್ದಾರೆ, ಬಾಯಿಮಾತಿನಲ್ಲಿ, ಏನೂ ಬರೆದುಕೊಡದೆ. ಒಂದು ಸಲ ತೆಗೆದರು. ಹಿತ್ತಲಿನ ಒಗೆಯುವ ಕಲ್ಲನ್ನು ಅಮ್ಮ ಗೋಡೆ ಪಕ್ಕಕ್ಕೆ ಎಳೆಸಿದ್ದಾರೆ. ಅದಿದ್ದ ಜಾಗದಲ್ಲಿ ನೆಲ ಒಡೆಸಿ ಪೈಪ್ ಹಾಕಬಹುದಾ ಅಂತ ಅಪ್ಪ ಮೇಸ್ತ್ರಿಯನ್ನು ಕರೆಸಿ ಕೇಳಿದರು. ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಒಡೆಯದಿದ್ದರೆ ಏನೂ ಉಪಯೋಗವಿಲ್ಲ ಅಂದ ಮೇಸ್ತ್ರಿ. ಅವರನ್ನು ಇನ್ನೂ ಕೇಳಿಲ್ಲ. ಈ ಲೇಖನ ಬರೆಯಲು ಅಮ್ಮ ಒಪ್ಪಿದ್ದು ಬಡಾವಣೆಯ ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ.

ಪದವಿ ಪ್ರಮಾಣಪತ್ರ ಕೊರಿಯರ್‌ನಲ್ಲಿ ಬಂದ ದಿನ ಅಪ್ಪ ಅದನ್ನು ಖಾತೆ ಪತ್ರಗಳ ಫೈಲಿನಲ್ಲೇ ಇಟ್ಟರು. ಮನೆಯಲ್ಲಿ ಗಟ್ಟಿಯಾದ ಫೈಲ್ ಇರುವುದು ಅದೊಂದೇ. ಅಮ್ಮ ಅಡುಗೆಮನೆಯಿಂದ, “ಆ ಫಾರಂ ಇನ್ನೂ ಇದ್ಯಾ?” ಎಂದು ಕೇಳಿದರು. “ಸಬ್ಮಿಟ್ ಮಾಡಿ ಎಷ್ಟೋ ದಿನ ಆಯ್ತಲ್ಲಮ್ಮ, ಈಗ್ಯಾಕೆ?” ಅಂದೆ. “ಇರ್ಲಿ, ಕೊಡು” ಅಂದರು. ಕೈ ಒರೆಸಿಕೊಂಡು ಬಂದು, ಒಂದು ಸಲ ಓದಿ, ನಾಲ್ಕು ಮಡಿಕೆ ಮಾಡಿ, ಅದನ್ನೂ ಅದೇ ಫೈಲಿಗೆ ಸೇರಿಸಿದರು. ಸಹಿ ಹಾಕಿರಲಿಲ್ಲ.